ಸೊನ್ನೆ ಫಲಿತಾಂಶ

ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮೊಬೈಲಿಗೆ ಜೀವ ಬರುವುದು ಒಂದೇ ಜಾಗದಲ್ಲಿ. ಕಾಫಿ ಕಣದ ಪಡುವಣ ಮೂಲೆಯ ಒಗೆಯುವ ಕಲ್ಲಿನ ಮೇಲೆ ನಿಂತು, ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಫೋನು ಹಿಡಿದರೆ ಎರಡು ಗೆರೆ ಸಿಗ್ನಲ್ ಮೂಡುತ್ತದೆ. (ನಾವು ಆಟಿ ಎನ್ನುವ ತಿಂಗಳನ್ನು ಗದ್ದೆಯ ಆಚೆ ಬದಿಯ ಕೊಡವರ ಮನೆಯಲ್ಲಿ ಕಕ್ಕಡ ಎನ್ನುತ್ತಾರೆ. ಮಳೆ ಮಾತ್ರ ಎರಡೂ ಮನೆಗೆ ಒಂದೇ.) ಕಳೆದ ಆಟಿಯಲ್ಲಿ ಮೂರು ಸಂಜೆ ನಾನು ಆ ಕಲ್ಲು ಹತ್ತಿದ್ದು ಪೇಟೆಯ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗಿನಲ್ಲಿ ಒಂದು ಪುಸ್ತಕ ಹುಡುಕಲಿಕ್ಕೆ. ಪೇಟೆ ನಮ್ಮಿಂದ 14 ಕಿಲೋಮೀಟರ್. ಬಸ್ಸು ಬಂದರೆ ಬಂತು, ರಸ್ತೆಗೆ ಮರ ಬಿದ್ದರೆ ಇಲ್ಲ. ಹಾಗಿರುವಾಗ ಪುಸ್ತಕ ಇದೆಯೋ ಇಲ್ಲವೋ ಎಂದು ಮನೆಯಿಂದಲೇ ನೋಡಿಕೊಂಡು ಹೊರಡುವ ಅನುಕೂಲ ಸಣ್ಣದಲ್ಲ. ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆಯ ಲೆಕ್ಕದಲ್ಲಿ ಗ್ರಂಥಾಲಯ ಕರ ಕಟ್ಟುವವರು ನಾವು. ಅಷ್ಟಾದರೂ ಬಳಸಿಕೊಳ್ಳದಿದ್ದರೆ ಹೇಗೆ?

ಹುಡುಕಿದ್ದು ಕೊಡಗಿನ ಗೌರಮ್ಮನವರ ಕಥಾಸಂಕಲನ ‘ಕಂಬನಿ’. ಶೀರ್ಷಿಕೆ ಎಂಬ ಕಿಂಡಿಯಲ್ಲಿ ಟೈಪು ಮಾಡಿದೆ, ಭೂತಗನ್ನಡಿಯ ಚಿತ್ರ ಒತ್ತಿದೆ. ಪರದೆಯ ಮಧ್ಯದಲ್ಲಿ ಒಂದು ಬಳೆ ಸುತ್ತಿ ಸುತ್ತಿ ನಿಂತಿತು. ‘0 ಫಲಿತಾಂಶಗಳು.’ ಅದರ ಕೆಳಗೆ ಒಂದು ಬುದ್ಧಿಮಾತು: ‘ಕಾಗುಣಿತ ಪರೀಕ್ಷಿಸಿ.’ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಯಂತ್ರವೊಂದು ಕಾಗುಣಿತ ಪರೀಕ್ಷಿಸು ಎಂದರೆ ಹೇಗಾಗಬೇಡ! ಮತ್ತೆ ಟೈಪು ಮಾಡಿದೆ. ಮತ್ತೆ ಸೊನ್ನೆ. ಕೊಡೆಯಿಂದ ಇಳಿದ ನೀರು ಪರದೆಯ ಮೇಲೆ ಬಿದ್ದು ತಾನಾಗಿಯೇ ಏನನ್ನೋ ಒತ್ತಿತು, ‘ಹೊಸದಾಗಿ ಬಂದ ಪುಸ್ತಕಗಳು’ ತೆರೆದುಕೊಂಡವು, ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳು ಸಾಲಾಗಿ ನಿಂತವು. ಒಳಗೆ ಬಂದೆ.

ಆ ಪುಸ್ತಕ ಅಲ್ಲಿ ಇದೆ ಎಂದು ನನಗೆ ಗೊತ್ತಿತ್ತು. ಎಷ್ಟು ಖಚಿತವಾಗಿ ಎಂದರೆ, ಅದರ ಬೆನ್ನಿನ ಬಣ್ಣ ಕೂಡ ಗೊತ್ತಿತ್ತು.

ಮಂಗನ ಟೋಪಿಯ ಕ್ಯಾಟಲಾಗು

1978ರ ಮಳೆಗಾಲ. ನಾನು ಒಂಬತ್ತನೇ ತರಗತಿ. ಗ್ರಂಥಾಲಯ ಆಗ ಪೇಟೆಯ ಬೀದಿಯಲ್ಲೇ ಒಂದು ಬಾಡಿಗೆ ಮಹಡಿಯಲ್ಲಿತ್ತು. ಕೆಳಗೆ ಏಲಕ್ಕಿ ವ್ಯಾಪಾರಿಯ ಅಂಗಡಿ ಇದ್ದುದರಿಂದ ಆ ಕಾಲದಲ್ಲಿ ಓದಿದ ಎಲ್ಲ ಪುಸ್ತಕಗಳೂ ನನ್ನ ನೆನಪಿನಲ್ಲಿ ಏಲಕ್ಕಿಯ ವಾಸನೆಯವೇ. ಗ್ರಂಥಪಾಲಕರು ವರ್ಷದ ಎಂಟು ತಿಂಗಳು ಮಂಗನ ಟೋಪಿ ಹಾಕಿಕೊಂಡಿರುತ್ತಿದ್ದರು. ಅವರ ಬೆನ್ನ ಹಿಂದೆ ತೇಗದ ಸಣ್ಣ ಸಣ್ಣ ಸೆಳೆಖಾನೆಗಳ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಸರಳಿಗೆ ಪೋಣಿಸಿದ ಕಾರ್ಡುಗಳು. ಅದನ್ನು ಕ್ಯಾಟಲಾಗ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಏಕೆಂದರೆ ಆ ಪೆಟ್ಟಿಗೆಯನ್ನು ಓದುಗರು ಯಾರೂ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಮುಟ್ಟಬೇಕಾದರೆ ಅವರನ್ನು ಎಬ್ಬಿಸಬೇಕಿತ್ತು, ಅವರನ್ನು ಎಬ್ಬಿಸುವ ಬದಲು ಕೇಳುವುದೇ ಸುಲಭ. ಕೇಳಿದರೆ ಅವರ ಮೊದಲ ಪ್ರಶ್ನೆ: “ಯಾವ ಮನೆ?”

ಕೊಡಗಿನಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳುವುದೂ ಇದನ್ನೇ. ಹೆಸರು ಆಮೇಲೆ. ಮನೆ ಹೇಳಿದರೆ ಅಪ್ಪ ಯಾರು, ಅಜ್ಜ ಯಾರು, ಯಾವ ಗದ್ದೆಗೆ ಯಾರೊಡನೆ ವ್ಯಾಜ್ಯವಿತ್ತು, ಎಲ್ಲ ತಿಳಿದು ಬಿಡುತ್ತದೆ. ನಾನು ಮನೆ ಹೇಳಿ, ‘ಕಂಬನಿ’ ಬೇಕು ಎಂದೆ. ಕನ್ನಡ ಮೇಷ್ಟರು ತರಗತಿಯಲ್ಲಿ ಗೌರಮ್ಮನ ಸುದ್ದಿ ಹೇಳಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು ಕರೆಸಿಕೊಂಡಾಕೆ, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟಾಕೆ, 1939ರಲ್ಲಿ ಈಜಲು ಇಳಿದು ಮುಳುಗಿ ಹೋದಾಕೆ, ಆಗಿನ್ನೂ ಇಪ್ಪತ್ತೇಳು ವರ್ಷ. ಹದಿನಾಲ್ಕರ ಹುಡುಗಿಗೆ ಇನ್ನೇನು ಬೇಕು? ಗ್ರಂಥಪಾಲಕರು ಎದ್ದರು, ಪೆಟ್ಟಿಗೆಯ ಕಡೆ ನೋಡಲೂ ಇಲ್ಲ, ನೇರವಾಗಿ ಮೂರನೆಯ ಕಪಾಟಿಗೆ ಹೋಗಿ ಕೆಂಪು ರೆಕ್ಸಿನ್ ಬೆನ್ನಿನ ಸಣ್ಣ ಪುಸ್ತಕವನ್ನು ತೆಗೆದರು. ಎರಡು ಪುಟ ತಿರುವಿದರು. “ಇದರಲ್ಲಿ ಬರೀ ವಿಧವೆಯರ ಕಣ್ಣೀರು. ಪರೀಕ್ಷೆ ಮುಗಿಸಿ ಬಾ” ಎಂದು ಪುಸ್ತಕವನ್ನು ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿಟ್ಟು, ನನಗೊಂದು ವಿಜ್ಞಾನಿಗಳ ಜೀವನಚರಿತ್ರೆ ಕೊಟ್ಟು ಕಳುಹಿಸಿದರು. ಭಾನುವಾರದ ಸಂತೆಯಲ್ಲಿ ಅಪ್ಪನಿಗೂ ಆ ಸುದ್ದಿ ಮುಟ್ಟಿತ್ತು.

ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಇಡೀ ಸಿಟ್ಟಾಗಿ ಉಳಿಯಲು ಅವರು ಬಿಟ್ಟಿಲ್ಲ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಓದಿಸಿಕೊಂಡು ಕೇಳುತ್ತಿದ್ದರು. ಒಮ್ಮೆ ಅಜ್ಜಿಯ ಬೇಡಿಕೆಯನ್ನು ಹಾಗೆಯೇ ತಂದು ಒಪ್ಪಿಸಿದ್ದೆ: “ಕಾವೇರಮ್ಮನ ಕತೆ ಇರುವುದು, ಹೋದ ವರ್ಷ ತಂದದ್ದಲ್ಲ, ಅದಕ್ಕಿಂತ ದಪ್ಪದ್ದು, ನಡುವೆ ಒಂದು ಪಟ ಇದೆ.” ಅವರು ಟೋಪಿಯನ್ನು ಕಿವಿಯಿಂದ ಮೇಲೆತ್ತಿ ಅರೆಗಳಿಗೆ ಯೋಚಿಸಿ, ಅದನ್ನೇ ತಂದು ಕೈಗಿಟ್ಟರು. ಪಟವೂ ಇತ್ತು. ಈ ಪ್ರಶ್ನೆಯನ್ನು ಯಾವ ಆನ್‌ಲೈನ್ ಕಿಂಡಿಗೆ ಹಾಕಿದರೂ ಏನು ಬರುತ್ತದೆ ಎಂದು ನಿಮಗೂ ಗೊತ್ತು.

ಮುಂದೆ ಓದು, ನೌಕರಿ, ಮದುವೆ. ಗೌರಮ್ಮನ ಬಿಡಿ ಕತೆಗಳನ್ನು ಅಲ್ಲಲ್ಲಿ ಓದಿದೆ, ಒಂದೆರಡನ್ನು ಪಾಠವೂ ಮಾಡಿದೆ. ಆ ಕೆಂಪು ಬೆನ್ನಿನ ಪುಸ್ತಕ ಮಾತ್ರ ಕೈಗೆ ಬಂದಿರಲಿಲ್ಲ. ಹೊಸ ಮುದ್ರಣ ಕೊಂಡುಕೊಳ್ಳಬಹುದಲ್ಲ ಎಂದ ಮಗ. ಕೊಳ್ಳಬಹುದು. ಆದರೆ ನನಗೆ ಬೇಕಾದದ್ದು ನನಗೆ ಕೊಡದೆ ಮೇಲಿಟ್ಟ ಪುಸ್ತಕ. ಯಾವ ಮನೆ, ಯಾರ ಮಗಳು, ಪರೀಕ್ಷೆ ಯಾವಾಗ ಎಂದು ಕೇಳದ ಕ್ಯಾಟಲಾಗು ಬಂದಿದೆ ಎಂದು ಗೊತ್ತಾದಾಗ ಮೊದಲು ನೆನಪಾದದ್ದೇ ಅದು.

ನೋಡಿ: ಇನ್ನೊಂದು ಹೆಸರು

ಎರಡನೆಯ ಸಂಜೆ ಲೇಖಕರ ಹೆಸರಿನಿಂದ ಹುಡುಕಿದೆ. ‘ಕೊಡಗಿನ ಗೌರಮ್ಮ’ ಎಂದು ಕೊಟ್ಟರೆ ಸೊನ್ನೆ. ಬರೀ ‘ಗೌರಮ್ಮ’ ಎಂದು ಎಲ್ಲ ಕಡೆ ಹುಡುಕಿದರೆ ಮೂರು ಬಂದವು, ಎರಡು ವ್ರತದ ಪುಸ್ತಕ, ಒಂದು ರಾಜಕುಮಾರಿಯದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ, 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯನ್ನೇ ಧರ್ಮಮಾತೆಯಾಗಿ ಪಡೆದು ಕ್ರೈಸ್ತಳಾದವಳು, 1864ರಲ್ಲಿ ಅಲ್ಲಿಯೇ ತೀರಿಕೊಂಡವಳು. ಕೊಡಗಿನ ಗೌರಮ್ಮ ಎಂದರೆ ಆಕೆಯೂ ಹೌದು, ಅದರಲ್ಲಿ ಯಂತ್ರದ ತಪ್ಪೇನಿಲ್ಲ. ನನಗೆ ಬೇಕಾದ ಗೌರಮ್ಮ ಬದುಕಿದ್ದಾಗ ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆದದ್ದುಂಟು. ಗಂಡನ ಹೆಸರಿಗೆ ಶ್ರೀಮತಿ ಅಂಟಿಸಿಕೊಂಡ ಹೆಸರು. ಹಾಗಾದರೆ ಆಕೆಯನ್ನು ಗೌ ಅಕ್ಷರದಲ್ಲಿ ಹುಡುಕಬೇಕೋ, ಕೃ ಅಕ್ಷರದಲ್ಲೋ, ಶ್ರೀ ಅಕ್ಷರದಲ್ಲೋ?

ಹಳೆಯ ಕಾರ್ಡು ಪೆಟ್ಟಿಗೆಗಳಲ್ಲಿ ಇದಕ್ಕೊಂದು ಸಭ್ಯ ಉಪಾಯವಿತ್ತು. ಕೆಲವು ಕಾರ್ಡುಗಳು ಯಾವ ಪುಸ್ತಕದವೂ ಆಗಿರುತ್ತಿರಲಿಲ್ಲ. ಅವುಗಳ ಕೆಲಸ ಕೈಮರದ ಕೆಲಸ. ‘ಭಾರತೀಸುತ, ನೋಡಿ: ನಾರಾಯಣ ರಾವ್, ಎಸ್. ಆರ್.’ ಎಂದು ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ತೋರಿಸಿ ಸುಮ್ಮನಾಗುತ್ತಿದ್ದವು. ಕಾವ್ಯನಾಮವಿಲ್ಲದೆ ಬರೆಯುವುದೇ ಕಷ್ಟ ಎಂದುಕೊಂಡಿದ್ದ ತಲೆಮಾರಿನ ಕನ್ನಡಕ್ಕೆ ಈ ಕೈಮರಗಳು ಎಷ್ಟು ಬೇಕಿದ್ದವು ಎಂದು ಯೋಚಿಸಿ. ನನ್ನ ಊಹೆ ಏನೆಂದರೆ, ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಇವನ್ನೆಲ್ಲ ಕೈಬಿಟ್ಟಿರುತ್ತಾರೆ. ಒಂದು ಪುಸ್ತಕಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಕೆಲಸ ವಹಿಸಿದರೆ, ಪುಸ್ತಕವೇ ಇಲ್ಲದ ಕಾರ್ಡನ್ನು ಯಾರು ಟೈಪು ಮಾಡುತ್ತಾರೆ? ದೊಡ್ಡ ಗ್ರಂಥಾಲಯಗಳ ತಂತ್ರಾಂಶಗಳಲ್ಲಿ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದೇ ದಾರಕ್ಕೆ ಕಟ್ಟುವ ವ್ಯವಸ್ಥೆ ಇದೆ. ಆದರೆ ಯಾರಾದರೂ ಕುಳಿತು ಕಟ್ಟಬೇಕು.

ಕೊಡಗಿನವರ ಹೆಸರುಗಳಂತೂ ಕ್ಯಾಟಲಾಗಿಗೆ ಗಂಟಲಲ್ಲಿ ಸಿಕ್ಕುವ ಮುಳ್ಳು. ಪಾಶ್ಚಾತ್ಯ ಪದ್ಧತಿಯಲ್ಲಿ ಮನೆತನದ ಹೆಸರನ್ನು ಕೊನೆಯಿಂದ ಎತ್ತಿ ಮುಂದಿಟ್ಟು ಅಲ್ಪವಿರಾಮ ಹಾಕುತ್ತಾರೆ. ಕೊಡವ ಹೆಸರಿನಲ್ಲಿ ಮನೆತನ ಮೊದಲೇ ಮುಂದಿರುತ್ತದೆ. ಕೊಡವ ಜಾನಪದ ಹಾಡುಗಳನ್ನು ಮನೆ ಮನೆ ತಿರುಗಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂದು ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರನ್ನು ನಿಯಮದ ಹುರುಪಿನಲ್ಲಿ ‘ಚಿಣ್ಣಪ್ಪ, ನಡಿಕೇರಿಯಂಡ’ ಎಂದು ತಿರುಗಿಸಿದರೆ, ಮನೆ ಹಿಂದಕ್ಕೆ ಹೋಗಿ ಮಗ ಮುಂದೆ ಬಂದು ನಿಲ್ಲುತ್ತಾನೆ. ನಡಿಕೇರಿಯಂಡ ಎಂದು ಹುಡುಕುವ ಕೊಡವರಿಗೆ ಸಿಗುವುದಿಲ್ಲ, ಚಿನ್ನಪ್ಪ ಎಂದು ನ ಹಾಕಿ ಹುಡುಕುವ ಬಯಲುಸೀಮೆಯವರಿಗೂ ಸಿಗುವುದಿಲ್ಲ. ಆ ಪುಸ್ತಕವನ್ನು 2003ರಲ್ಲಿ ಇಂಗ್ಲಿಷಿಗೆ ತಂದ ದಂಪತಿಗಳಲ್ಲಿ ಒಬ್ಬರ ಹೆಸರೂ ಚಿಣ್ಣಪ್ಪ, ಮೂಲ ಸಂಗ್ರಾಹಕರ ಮೊಮ್ಮಗ, ಬೊವೇರಿಯಂಡ ಮನೆತನ. ಮನೆಯ ಹೆಸರನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿದ ಕ್ಯಾಟಲಾಗಿನಲ್ಲಿ ಅಜ್ಜನೂ ಮೊಮ್ಮಗನೂ ಬೆರೆತು ಹೋಗುತ್ತಾರೆ. ಮಂಗನ ಟೋಪಿಯವರ “ಯಾವ ಮನೆ?” ಎಂಬ ಪ್ರಶ್ನೆ ಇಲ್ಲಿ ಮಾತ್ರ ಶಾಸ್ತ್ರೋಕ್ತವಾಗಿಯೇ ಇತ್ತು.

ಇನ್ನೊಂದು ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ‘ಪಟ್ಟೋಲೆ ಪಳಮೆ’ಯ ಲಿಪಿ ಕನ್ನಡ, ಹಾಡುಗಳು ಕೊಡವರ ಮಾತಾದ ಕೊಡವ ತಕ್ಕ್. ಕ್ಯಾಟಲಾಗಿನಲ್ಲಿ ಭಾಷೆ ಎಂಬ ಕಿಂಡಿಯಲ್ಲಿ ಲಿಪಿ ನೋಡಿದವರು ಕನ್ನಡ ಎಂದು ಬರೆಯುತ್ತಾರೆ. ಪ್ರಪಂಚದ ಗ್ರಂಥಾಲಯಗಳು ಬಳಸುವ ಮಾರ್ಕ್ ಎಂಬ ನಮೂನೆಯಲ್ಲಿ ಭಾಷೆಗೆ ಮೂರಕ್ಷರದ ಸಂಕೇತ ಕೊಡುತ್ತಾರೆ. ಕನ್ನಡಕ್ಕೆ ಸ್ವಂತ ಸಂಕೇತವಿದೆ, ತಮಿಳಿಗಿದೆ, ಮಲಯಾಳಕ್ಕಿದೆ. ಕೊಡವ ತಕ್ಕ್ ಆ ಪಟ್ಟಿಯಲ್ಲಿ ‘ದ್ರಾವಿಡ, ಇತರೆ’ ಎಂಬ ಸಾಮಾನ್ಯ ಚೀಲಕ್ಕೆ ಬೀಳುತ್ತದೆ. ನನ್ನ ಮನೆಮಾತು ಅರೆಭಾಷೆ. ಅದು ಆ ಚೀಲಕ್ಕಾದರೂ ಬೀಳುತ್ತದೆಯೋ ಎಂದು ನೋಡಲು ಹೋಗಲಿಲ್ಲ, ಎಲ್ಲ ಬೇಸರವನ್ನೂ ಒಂದೇ ಸಂಜೆ ಮುಗಿಸಬಾರದು.

ವಿಭಕ್ತಿಯ ಬಾಲ

ಗೌರಮ್ಮ ಸಿಗದ ಸಿಟ್ಟಿಗೆ ‘ಕೊಡಗು’ ಎಂದು ಹುಡುಕಿದೆ. ಹನ್ನೊಂದು ಪುಸ್ತಕ ಬಂದವು. ಕೊಡಗಿನ ಗ್ರಂಥಾಲಯದಲ್ಲಿ ಕೊಡಗಿನ ಮೇಲೆ ಹನ್ನೊಂದೇ ಪುಸ್ತಕವೇ? ಸಾಧ್ಯವಿಲ್ಲ. ‘ಕೂರ್ಗ್’ ಎಂದು ಹುಡುಕಿದೆ. ಅದು ಬೇರೆಯೇ ಲೋಕ: ಸರ್ವೇ ವರದಿಗಳು, ಪಾದ್ರಿಗಳು, ಪ್ಲಾಂಟರುಗಳು, ಬೇಟೆ. 1834ರಲ್ಲಿ ಕಂಪನಿ ಸರಕಾರ ಈ ನಾಡನ್ನು ವಶಪಡಿಸಿಕೊಂಡಾಗಿನಿಂದ 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಕಚೇರಿಯ ಕಾಗದಗಳಲ್ಲಿ ನಾವು ಕೂರ್ಗಿನವರು, ನಮ್ಮ ಮಡಿಕೇರಿ ಮರ್ಕೆರಾ, ಕುಶಾಲನಗರ ಫ್ರೇಜರ್‌ಪೇಟ್. ‘ಕೊಡವ’ ಎಂದು ಹುಡುಕಿದರೆ ಮೂರನೆಯ ರಾಶಿ. ಕಾವೇರಿ ಪುರಾಣದ ಭಕ್ತರು ‘ಕ್ರೋಡದೇಶ’ ಎಂದು ಹುಡುಕಿ ನೋಡಬಹುದು, ನಾಲ್ಕನೆಯದೂ ಸಿಕ್ಕೀತು. ಒಂದು ಜಿಲ್ಲೆಯ ಚರಿತ್ರೆಯನ್ನು ಅದರ ಹೆಸರುಗಳೇ ಹೀಗೆ ನಾಲ್ಕು ಪಾಲು ಮಾಡಿ ಹಂಚಿಕೊಂಡಿವೆ, ಪಾಲುದಾರರು ಪರಸ್ಪರ ಮಾತು ಬಿಟ್ಟಿದ್ದಾರೆ.

ಆದರೂ ಹನ್ನೊಂದರ ಗುಟ್ಟು ಬಿಡಿಸಿಕೊಳ್ಳಲಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಾಗ ಕಂಡಿತು: ಎಲ್ಲದರಲ್ಲೂ ‘ಕೊಡಗು’ ಎಂಬುದು ಪ್ರಥಮಾ ವಿಭಕ್ತಿಯಲ್ಲಿದೆ! ‘ಕೊಡಗಿನ’ ಎಂದು ಶುರುವಾಗುವ ಒಂದೇ ಒಂದು ಪುಸ್ತಕವಿಲ್ಲ. ಕನ್ನಡದಲ್ಲಿ ಊರಿನ ಮೇಲೆ ಪುಸ್ತಕ ಬರೆಯುವವರು ಊರನ್ನು ಪ್ರಥಮೆಯಲ್ಲಿ ಬಿಡುವುದು ಅಪರೂಪ, ಷಷ್ಠಿಗೋ ಸಪ್ತಮಿಗೋ ಇಳಿಸಿಯೇ ಇಳಿಸುತ್ತಾರೆ. ಕೊಡಗಿನ ಇತಿಹಾಸ, ಕೊಡಗಿನ ಕತೆಗಳು, ಕೊಡಗಿನಲ್ಲಿ ಕಾಫಿ. ಯಂತ್ರಕ್ಕೆ ಕೊಡಗು, ಕೊಡಗಿನ, ಕೊಡಗಿನಲ್ಲಿ ಇವು ಮೂರು ಬೇರೆ ಬೇರೆ ಪದ, ನಂಟಿಲ್ಲ. ಹಾಗಾಗಿ ಪದದ ಬಾಲ ಕತ್ತರಿಸಿ, ‘ಕೊಡಗ’ ಎಂದಷ್ಟೇ ಬರೆದು ಮುಂದೆ ನಕ್ಷತ್ರದ ಗುರುತು ಹಾಕಿದೆ. ಹನ್ನೊಂದು ಇದ್ದದ್ದು ಎಪ್ಪತ್ತು ದಾಟಿತು. ಉಕಾರಾಂತ ಪದಗಳಿಗೆಲ್ಲ ಇದೇ ಮದ್ದು: ಕಾಡು ಎಂದು ಹುಡುಕಬೇಡಿ, ಕಾಡ ಎಂದು ನಿಲ್ಲಿಸಿ. ನೀರು ಬೇಡ, ನೀರ. ಲೋಪಸಂಧಿಯಲ್ಲಿ ಉಕಾರ ಬಿದ್ದು ಹೋಗುತ್ತದೆ ಎಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. “ಇದರಿಂದ ಏನು ಉಪಯೋಗ ಟೀಚರ್?” ಎಂದು ಕೇಳಿದ್ದ ಹುಡುಗನೊಬ್ಬನಿಗೆ ಆಗ ಕೊಡಲಾಗದ ಉತ್ತರ ಈಗ, ಒಗೆಯುವ ಕಲ್ಲಿನ ಮೇಲೆ ಸಿಕ್ಕಿತು.

ಒಂದು ಒಳ್ಳೆಯ ಪುಸ್ತಕ ಸಿಕ್ಕ ಮೇಲೆ ಇನ್ನೊಂದು ದಾರಿಯೂ ತೆರೆಯುತ್ತದೆ. ಅದರ ವರ್ಗಸಂಖ್ಯೆಯನ್ನು ಬರೆದುಕೊಂಡು ಅದನ್ನೇ ಹುಡುಕುವುದು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯವೆಲ್ಲ 894.814ರ ಕೆಳಗೆ, ಕರ್ನಾಟಕದ ಚರಿತ್ರೆ 954.87ರಲ್ಲಿ, ಕಾಫಿ ಬೆಳೆ 633.73ರಲ್ಲಿ. ಬರೆದವರು ಕೂರ್ಗ್ ಎಂದಿರಲಿ ಕೊಡಗು ಎಂದಿರಲಿ, ಸಂಖ್ಯೆಗೆ ವಿಭಕ್ತಿ ಇಲ್ಲ, ಕಾವ್ಯನಾಮವಿಲ್ಲ, ಮನೆತನವಿಲ್ಲ. ಕನ್ನಡ ಟೀಚರಾಗಿ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಂಕಟವೇ ಆಯಿತು.

(ಇದೇ ಹುಡುಕಾಟದ ಹುಚ್ಚಿನಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ಕ್ಯಾಟಲಾಗುಗಳಿಗೂ ಇಣುಕಿದೆ. ಅಲ್ಲಿ ಕನ್ನಡ ಪುಸ್ತಕಗಳು ದಂಡಿಯಾಗಿವೆ. ಪಿ.ಎಲ್. 480 ಎಂಬ ಕಾಯಿದೆಯಡಿ ಅಮೆರಿಕದ ಗೋಧಿ ನಮಗೆ ಬರುತ್ತಿತ್ತಲ್ಲ, ಅದಕ್ಕೆ ನಾವು ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಿಂದ 1962ರಿಂದ ಅವರ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಇಲ್ಲಿನ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಹಂಚಿತು. ನಾವು ಗೋಧಿ ತಿಂದೆವು, ಅವರು ನಮ್ಮ ಕತೆ ಕಾದಂಬರಿ ಇಟ್ಟುಕೊಂಡರು. ರೋಮನ್ ಲಿಪಿಯಲ್ಲಿ ಬರೆದಿದ್ದರೂ ಡ ಅಕ್ಷರಕ್ಕೆ ಕೆಳಗೆ ಚುಕ್ಕೆ, ದೀರ್ಘಕ್ಕೆ ತಲೆಯ ಮೇಲೆ ಗೆರೆ, ಎಲ್ಲೂ ತಪ್ಪಿಲ್ಲ. ಕೊಡಗಿನ ‘ಡ’ವನ್ನು ಇಷ್ಟು ಜತನದಿಂದ ಕಾಪಾಡಿದವರು ಸಮುದ್ರದಾಚೆ ಇದ್ದಾರೆ ಎಂಬುದು ಸಂತೋಷವೋ ನಾಚಿಕೆಯೋ ತಿಳಿಯಲಿಲ್ಲ.)

ಎರಡು ಸೊನ್ನೆಗಳು

ಮೂರನೆಯ ಸಂಜೆ ಆಟಿ ಹದಿನೆಂಟು. ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಕುದಿಯುತ್ತಿತ್ತು, ಆ ನೇರಳೆ ವಾಸನೆ ಕಣದವರೆಗೂ ಬರುತ್ತಿತ್ತು. ಹುಡುಕುವ ಕಿಂಡಿಯ ಸಹವಾಸವೇ ಬೇಡವೆಂದು ‘ಶೀರ್ಷಿಕೆಗಳ ಅಕಾರಾದಿ’ ಎಂಬುದನ್ನು ತೆರೆದು ‘ಕ’ ಅಕ್ಷರವನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾ ಹೋದೆ. ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವವರ ಹಾಗೆ. ಒಂದೊಂದು ಪುಟಕ್ಕೂ ಆ ಬಳೆ ಸುತ್ತುತ್ತಿತ್ತು. ‘ಕಂ’ ಸಾಲು ಬೇಗ ಬಂತು, ಅದರಲ್ಲಿ ಕಂಬನಿ ಇಲ್ಲ. ಬಿಡಬೇಕಿತ್ತು, ಬಿಡಲಿಲ್ಲ. ಕಾ ಮುಗಿಯಿತು, ಕೊ ಮುಗಿಯಿತು, ಕ್ರಾಂತಿ, ಕ್ರಿಕೆಟ್ಟು, ಕ್ಷತ್ರಿಯ, ಕ್ಷಿತಿಜ ಎಲ್ಲ ಮುಗಿದವು. ‘ಖ’ ಶುರುವಾಗುವ ಮೊದಲು, ಊರ ಹೊರಗೆ ಬಿಡಾರ ಹೂಡಿದವರ ಹಾಗೆ ಏಳೆಂಟು ಪುಸ್ತಕಗಳು. ಅವುಗಳ ನಡುವೆ: ಕ೦ಬನಿ. ಲೇಖಕರು: ಕೃಷ್ಣ, ಬಿ. ಟಿ. ಜಿ., ಶ್ರೀಮತಿ.

ಮೇಲಿನ ಸಾಲಿನಲ್ಲಿ ಏನಾದರೂ ವ್ಯತ್ಯಾಸ ಕಂಡಿತೇ? ನನಗೂ ಕಾಣಲಿಲ್ಲ. ಆ ಪದವನ್ನು ನಕಲು ಮಾಡಿ ಹುಡುಕುವ ಕಿಂಡಿಗೆ ಅಂಟಿಸಿದೆ, ಪುಸ್ತಕ ಬಂತು. ಅದೇ ಪದವನ್ನು ನನ್ನ ಬೆರಳಿನಿಂದ ಟೈಪು ಮಾಡಿದೆ, ಸೊನ್ನೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ಅಕ್ಷರ ದೊಡ್ಡದು ಮಾಡಿ, ಕನ್ನಡಕ ಒರೆಸಿ ನೋಡಿದಾಗ ತಿಳಿಯಿತು. ನಾನು ಬರೆದದ್ದು ಅನುಸ್ವಾರ. ಅವರು ಬರೆದದ್ದು ಅಂಕಿಯ ಸೊನ್ನೆ. ಒಂದು, ಎರಡು, ಮೂರರ ಹಿಂದಿನ ಸೊನ್ನೆ. ಕನ್ನಡದಲ್ಲಿ ಅನುಸ್ವಾರವನ್ನೂ ಸೊನ್ನೆ ಎಂದೇ ಕರೆಯುತ್ತೇವೆ, ಕಾಗದದ ಮೇಲೆ ಎರಡೂ ಒಂದೇ ಉಂಗುರ, ಹೀಗಾಗಿ ಟೈಪು ಮಾಡಿದವರ ಕೈ ಹತ್ತಿರದ ಕೀಲಿಗೆ ಹೋಗಿದೆ. ಕಂಪ್ಯೂಟರಿಗೆ ಮಾತ್ರ ಇದು ಅಕ್ಷರ, ಅದು ಅಂಕಿ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನ ಸಾಲಿನಲ್ಲಿ ಅನುಸ್ವಾರ ಎಲ್ಲ ವ್ಯಂಜನಗಳಿಗಿಂತ ಮುಂದೆ ಕುಳಿತಿದೆ, ಅಂಕಿಗಳು ಕೊನೆಯಲ್ಲಿ, ಒತ್ತಕ್ಷರಗಳನ್ನೂ ದಾಟಿ. ಅದಕ್ಕೇ ಆ ಏಳೆಂಟು ಪುಸ್ತಕಗಳು ಕ್ಷಿತಿಜದ ಆಚೆಗೆ ಬಿದ್ದಿದ್ದವು. ಅಂಕಿಯ ಸೊನ್ನೆ ಹಾಕಿದ್ದರಿಂದ ಸೊನ್ನೆ ಫಲಿತಾಂಶ! ಮಳೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ಇಂಥದು ಇನ್ನೆಷ್ಟಿವೆಯೋ ಎಂದು ಆಮೇಲೆ ಒಂದಿಷ್ಟು ಓದಿದೆ. ‘ಕೊಡಗು’ ಎಂಬುದರ ಮೊದಲ ಅಕ್ಷರವನ್ನೇ ನೋಡಿ. ಅದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಒಂದೇ ‘ಕೊ’. ಒಳ್ಳೆಯ ತಂತ್ರಾಂಶ ಎರಡನ್ನೂ ಒಂದೇ ಎಂದು ತಿಳಿದು ಸರಿಪಡಿಸಿಕೊಳ್ಳುತ್ತದೆ, ಉಳಿದವು ಒಂದೇ ಊರನ್ನು ಎರಡು ಊರು ಎಂದುಕೊಳ್ಳುತ್ತವೆ. ಯೂನಿಕೋಡಿಗಿಂತ ಹಿಂದಿನ ಫಾಂಟುಗಳಲ್ಲಿ ಟೈಪು ಮಾಡಿ ಹಾಗೆಯೇ ತಂದು ಸುರಿದ ದಾಖಲೆಗಳಿದ್ದರಂತೂ ಪುಸ್ತಕದ ಹೆಸರಿನ ಜಾಗದಲ್ಲಿ ಯಾವುದೋ ಯುರೋಪಿನ ಭಾಷೆಯ ಬೈಗುಳದಂಥದು ಕಾಣುತ್ತದೆ. ಓದುಗರ ಸಮಯ ಉಳಿಸಿ ಎಂಬುದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು, 1931ರದು. ನನಗೆ ಖರ್ಚಾದದ್ದು ಮೂರು ಸಂಜೆ, ಒಂದು ನೆಗಡಿ.

ಖರ್ಚಾದದ್ದರ ಬಗ್ಗೆ ದೂರಿಲ್ಲ. ಕೊರೆಯುವುದು ಆ ‘0’ಯ ಧಾಟಿ. ಮಂಗನ ಟೋಪಿಯವರು ಪುಸ್ತಕ ಕೊಡದಿದ್ದಾಗ ಅದು ಮೇಲಿನ ಹಲಗೆಯಲ್ಲಿದೆ ಎಂದಾದರೂ ನನಗೆ ಗೊತ್ತಿತ್ತು. ನಲವತ್ತೈದು ವರ್ಷ ಅದನ್ನು ಆಸೆಪಟ್ಟದ್ದು ಆ ಕಾರಣಕ್ಕೇ. ಈ ಕಿಂಡಿ ಹಾಗಲ್ಲ. ನೀವು ಕೇಳಿದ ಹಾಗೆ ನಮ್ಮಲ್ಲಿ ಬರೆದಿಲ್ಲ ಎನ್ನಬೇಕಾದಲ್ಲಿ ಅಂಥದ್ದೇ ಇಲ್ಲ ಎಂದುಬಿಡುತ್ತದೆ. ನನ್ನಂತೆ ಬೆನ್ನಿನ ಬಣ್ಣ ನೋಡಿರದ ಒಂಬತ್ತನೇ ತರಗತಿಯ ಹುಡುಗಿ ಆ ಮಾತನ್ನು ನಂಬಿ ಫೋನು ಕೆಳಗಿಡುತ್ತಾಳೆ. ಅವಳ ಅಪ್ಪನಿಗೆ ಸಂತೆಯಲ್ಲಿ ಸುದ್ದಿ ಮುಟ್ಟುವ ಪ್ರಮೇಯವೇ ಇಲ್ಲ.

ಎರಡನೆಯ ಪ್ರತಿ

ದಾಖಲೆಯನ್ನು ತೆರೆದು ನೋಡಿದಾಗ ಎರಡು ಪ್ರತಿಗಳಿದ್ದವು. ಮೊದಲನೆಯದರ ಎದುರು ‘ಲಭ್ಯ’. ಎರಡನೆಯದರ ಎದುರು ‘ಎರವಲು ಹೋಗಿದೆ. ಹಿಂದಿರುಗಿಸಬೇಕಾದ ದಿನ: 28-08-2018’.

ಮಳೆ ಬಿಟ್ಟ ಒಂದು ಬೆಳಿಗ್ಗೆ ಪೇಟೆಗೆ ಹೋದೆ. ಗ್ರಂಥಾಲಯ ಈಗ ಸ್ವಂತ ಕಟ್ಟಡದಲ್ಲಿದೆ, ಏಲಕ್ಕಿಯ ವಾಸನೆ ಇಲ್ಲ, ಫಿನಾಯಿಲಿನದಿದೆ. ಗ್ರಂಥಪಾಲಕಿ ನನ್ನ ಮಗಳ ವಯಸ್ಸಿನವಳು. ಯಾವ ಮನೆ ಎಂದು ಕೇಳಲಿಲ್ಲ, ಸದಸ್ಯತ್ವದ ಸಂಖ್ಯೆ ಕೇಳಿದಳು. ಸೊನ್ನೆಯ ವಿಚಾರ ಹೇಳಿದೆ. ತಿದ್ದುವ ಅಧಿಕಾರ ತನ್ನ ಲಾಗಿನ್‌ಗೆ ಇಲ್ಲ ಎಂದಳು, ನೆಪದ ಧ್ವನಿಯಲ್ಲಿ ಹೇಳಲಿಲ್ಲ. ಮೇಜಿನ ಖಾನೆಯಿಂದ ಇನ್ನೂರು ಪುಟದ ನೋಟ್ ಪುಸ್ತಕ ತೆಗೆದು ತೋರಿಸಿದಳು. ಕ್ಯಾಟಲಾಗಿನಲ್ಲಿ ಹುಡುಕಿದರೆ ಸಿಗದ, ಆದರೆ ಕಪಾಟಿನಲ್ಲಿರುವ ಪುಸ್ತಕಗಳ ಪಟ್ಟಿ. ಎಡಕ್ಕೆ ಇರುವ ಹೆಸರು, ಬಲಕ್ಕೆ ಇರಬೇಕಾದ ಹೆಸರು. ವರ್ಷಕ್ಕೊಮ್ಮೆ ಮೇಲಿನವರಿಗೆ ಕಳುಹಿಸುತ್ತಾಳಂತೆ. ಅಷ್ಟರವರೆಗೆ ಓದುಗರು ಕೇಳಿದರೆ ಇದನ್ನು ನೋಡಿ ಹೇಳುತ್ತಾಳೆ. ಕಂಬನಿಯನ್ನು ನನ್ನ ಎದುರಿಗೇ ಬರೆದುಕೊಂಡಳು, 341ನೆಯ ಕ್ರಮಸಂಖ್ಯೆ. ಕಾರ್ಡು ಪೆಟ್ಟಿಗೆಯಲ್ಲಿ ಕಳೆದು ಹೋದ ‘ನೋಡಿ’ಗಳೆಲ್ಲ ಆ ನೋಟ್ ಪುಸ್ತಕದಲ್ಲಿ ಬಾಲ್‌ಪೆನ್ನಿನಲ್ಲಿ ಬದುಕಿದ್ದವು.

ಪುಸ್ತಕ ಕೈಗೆ ಬಂತು. ಕೆಂಪು ರೆಕ್ಸಿನ್ ಬೆನ್ನು ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನೆನಪಿನಲ್ಲಿದ್ದದ್ದಕ್ಕಿಂತ ತೆಳು.

ಹೊರಡುವಾಗ ಆ ಇನ್ನೊಂದು ಪ್ರತಿಯ ವಿಚಾರ ಕೇಳಿದೆ. ಇಷ್ಟು ವರ್ಷದಿಂದ ಎರವಲು ಎಂದೇ ತೋರಿಸುತ್ತಿದೆಯಲ್ಲ, ಕಳೆದಿದೆ ಎಂದು ಹಾಕಬಾರದೇ? ಅದಕ್ಕಾದರೂ ಅಧಿಕಾರವಿರಬೇಕಲ್ಲ? ಟೀಚರುಗಳಿಗೆ ನಿವೃತ್ತಿಯಾದರೂ ಕೇಳುವ ಚಾಳಿ ಹೋಗುವುದಿಲ್ಲ. ಅವಳು ಪರದೆಯ ಕಡೆ ನೋಡಿದಳು. ಯಾರ ಹೆಸರಿನಲ್ಲಿದೆ ಎಂಬುದು ಅವಳಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ, ಅವಳು ಹೇಳಲೂ ಇಲ್ಲ. “ಆಗಸ್ಟ್ ಹದಿಮೂರಕ್ಕೆ ತೆಗೆದುಕೊಂಡು ಹೋಗಿದ್ದಾರೆ” ಎಂದಳು. “ಮಕ್ಕಂದೂರಿನ ಆಚೆಯವರು.”

ಕೊಡಗಿನವರಿಗೆ ಅಷ್ಟು ಸಾಕು. 2018ರ ಆಗಸ್ಟ್ 16, 17ರಂದು ಆ ಕಡೆಯ ಬೆಟ್ಟಗಳು ಹೇಗೆ ಇಳಿದವು ಎಂದು ನಾನು ಇಲ್ಲಿ ಬರೆಯಬೇಕಾಗಿಲ್ಲ.

“ಕಳೆದಿದೆ ಎಂದು ಹಾಕಬೇಕಾದರೆ ಮೊದಲು ಸದಸ್ಯರಿಗೆ ನೋಟಿಸು ಹೋಗಬೇಕು ಮೇಡಂ. ಪುಸ್ತಕದ ಬೆಲೆ, ದಂಡ ಎಲ್ಲ ತಾನಾಗಿಯೇ ಲೆಕ್ಕ ಬರುತ್ತದೆ. ವಿಳಾಸ ಅದೇ ಹಳೆಯದು. ನನಗಿಂತ ಮೊದಲಿದ್ದವರು ಹಾಗೇ ಬಿಟ್ಟಿದ್ದರು. ನಾನೂ ಹಾಗೇ ಬಿಟ್ಟಿದ್ದೇನೆ.” ಲೆಕ್ಕ ತಪಾಸಣೆಯವರು ಬಂದರೆ ಏನು ಹೇಳುತ್ತೀಯ ಎಂದೆ. “ಓದುತ್ತಿದ್ದಾರೆ ಎನ್ನುತ್ತೇನೆ” ಎಂದು ನನ್ನ ಪುಸ್ತಕಕ್ಕೆ ತಾರೀಕಿನ ಮೊಹರು ಒತ್ತಿದಳು.

ಸಂಜೆ ಮಳೆ ಮತ್ತೆ ಹಿಡಿಯಿತು. ಕೊಡೆ ಹಿಡಿದು ಕಣದ ಮೂಲೆಗೆ ಹೋಗಿ ಆ ದಾಖಲೆಯನ್ನು ಇನ್ನೊಮ್ಮೆ ತೆರೆದೆ. ಮೊದಲ ಪ್ರತಿಯ ಎದುರು ‘ಲಭ್ಯ’ ಹೋಗಿ ‘ಎರವಲು ಹೋಗಿದೆ’ ಬಂದಿತ್ತು, ಪಕ್ಕದಲ್ಲಿ ನಾನು ಹಿಂದಿರುಗಿಸಬೇಕಾದ ದಿನ. ಅದರ ಕೆಳಗಿನ ಸಾಲಿನಲ್ಲಿ ಅವರದು.